ಅಪ್ಸರಮ್ಮ ಮತ್ತು ಹೊಳೆಸಾಲಿನ ಬೋರಲು ಕಲ್ಲು

“ಹಂಗಲ್ಲ ತಮ್ಮಾ, ಕಲ್ಲು ಗಟ್ಟಿಯಾಗೇ ಕೂತಿದೆ ಅಂತ ನಾನೂ ಒಪ್ತೀನಿ. ಆದ್ರೆ ಬೋರಲು ಕೂತಿದೆ!”

“ಅಮ್ಮಾ, ಬೆಂಚು ಅಂದ್ಮೇಲೆ ಸಪಾಟಾಗಿ ಇರ್ಬೇಕಲ್ವಾ? ಆ ಕಡೆ ಮೈ ನೋಡಿ, ತಗ್ಗು. ಮಳೆ ಬಂದ್ರೆ ನೀರು ನಿಲ್ತದೆ. ವಾಕಿಂಗ್ ಬಂದೋರು ಕೂತು ಎದ್ಮೇಲೆ ಪ್ಯಾಂಟ್ ಮುಟ್ಕೊಂಡು ನನಗೆ ಬೈತಾರೆ.”

“ಬೈಸ್ಕೋ. ನಾನು ಬೆಳಿಗ್ಗೆಯಿಂದ ಬೈಸ್ಕೊಳ್ತಾ ಇಲ್ವಾ? ಅದೂ ಫೋನಿಗೇ ಬಾರದೇ ಇರೋರ ಹತ್ರ!”

ಸೂಪರ್‌ವೈಸರ್ ಮಧುಸೂದನನಿಗೆ ಈ ಮಾತಿನ ತಲೆಬುಡ ಗೊತ್ತಾಗಲಿಲ್ಲ. ಸೊರಬದ ಅಂಚಿನಲ್ಲಿ ದಂಡಾವತಿ ಹೊಳೆಯ ದಡಕ್ಕೆ ತಡೆಗೋಡೆ ಕಟ್ಟಿ, ಅದರ ಮೇಲೆ ನಡೆಯುವ ದಾರಿ ಮಾಡಿ, ದಾರಿಯುದ್ದಕ್ಕೂ ಕೂರಲು ಬೆಂಚು ಇಡಿಸುವುದು ಅವನ ಕೆಲಸ. ಹೊಸ ಬೆಂಚು ತರಿಸುವ ಬದಲು, ಹೊಳೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೇ ಬಟ್ಟೆ ಒಗೆಯುವ ಕಲ್ಲುಗಳನ್ನು ಎತ್ತಿಸಿ, ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ಕೂರಿಸಿದ್ದ. ಎಂಜಿನಿಯರರು ಬಂದು ನೋಡಿ ಭೇಷ್ ಎಂದಿದ್ದರು. ನಾಳೆ ಬೆಳಿಗ್ಗೆ ಸಂದಿಗಳಿಗೆ ಸಿಮೆಂಟು ತುಂಬಿದರೆ ಅವನ ಕೆಲಸ ಮುಗಿಯಿತು. ಇಂಥ ಹೊತ್ತಿನಲ್ಲಿ ಈ ಅಮ್ಮ ತಲೆಯ ಮೇಲಿನ ಸೆರಗು ಬಿಗಿದುಕೊಂಡು ಅವನ ಮುಂದೆ ನಿಂತಿದ್ದರು.

ಅಮ್ಮನ ಹೆಸರು ಅಫ್ಸರ್ ಬೇಗಂ. ಆದರೆ ಹೊಳೆಸಾಲಿನಲ್ಲಿ ಅಫ್ಸರ್ ಬೇಗಂ ಯಾರು ಎಂದು ಕೇಳಿದರೆ ಜನ ಒಂದು ಕ್ಷಣ ಯೋಚಿಸುತ್ತಾರೆ. ಅಪ್ಸರಮ್ಮ ಎಂದರೆ ಸಾಕು, ಮಗುವೂ ಮನೆ ತೋರಿಸುತ್ತದೆ. ಹೆಸರನ್ನು ಹಾಗೆ ತಿರುಗಿಸಿದವಳು ಪಕ್ಕದ ಮನೆಯ ಚೌಡೇಶ್ವರಿ. ಅವಳನ್ನು ಎಲ್ಲರೂ ಕರೆಯುವುದು ಚೌಡಕ್ಕ ಎಂದು. ಇವತ್ತು ಫೋನಿಗೆ ಬಾರದೆ ಇರುವವಳೂ ಅವಳೇ.

ಹೊಳೆಸಾಲು ಮೊದಲು ಊರಿನ ಲೆಕ್ಕಕ್ಕೇ ಇರಲಿಲ್ಲ. ಪೇಟೆ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದರೂ ಇಲ್ಲಿನವರು ಸಂತೆಗೆ ಹೊರಟಾಗ “ಸೊರಬಕ್ಕೆ ಹೋಗಿ ಬರ್ತೀನಿ” ಎನ್ನುತ್ತಿದ್ದರು, ತಾವೇನೋ ಬೇರೆ ಊರಿನವರು ಎನ್ನುವ ಹಾಗೆ. ಗದ್ದೆ ಮತ್ತು ಹೊಳೆಯ ನಡುವೆ ಒಂದೇ ಸಾಲು ಮನೆ, ಅದಕ್ಕೇ ಹೊಳೆಸಾಲು. ಊರೊಳಗೆ ಜಾಗ ಸಿಗದವರು, ಬಾಡಿಗೆ ಕಟ್ಟಲಾಗದವರು, ವರ್ಗವಾಗಿ ಬಂದವರು, ಮನೆಯವರ ಜೊತೆ ಜಗಳವಾಡಿಕೊಂಡು ಬೇರೆ ಒಲೆ ಹೂಡಿದವರು, ಹೀಗೆ ಒಬ್ಬೊಬ್ಬರಾಗಿ ಬಂದು ಸೇರಿದ ಕೇರಿ ಅದು. ಈಗ ಗದ್ದೆಯೆಲ್ಲ ಸೈಟುಗಳಾಗಿ, ಹಿಂದೆ ಇನ್ನೂ ನಾಲ್ಕಾರು ಸಾಲು ಆರ್‌ಸಿಸಿ ಮನೆಗಳೆದ್ದು, ಎಲ್ಲದಕ್ಕೂ ಸೇರಿಸಿ ದಂಡಾವತಿ ಬಡಾವಣೆ ಎಂದು ಹಸಿರು ಬೋರ್ಡು ಬಿದ್ದಿದೆ. ಹಳಬರು ಆ ಬೋರ್ಡಿನ ಕೆಳಗೆ ನಿಂತುಕೊಂಡೇ ಆಟೋದವನಿಗೆ ಫೋನಿನಲ್ಲಿ “ಹೊಳೆಸಾಲಿಗೆ ಬಾ” ಎನ್ನುತ್ತಾರೆ.

ಈ ಕೇರಿಯಲ್ಲಿ ಮನೆ ಎಂದರೆ ಅರ್ಧ, ಹೊಳೆಯಲ್ಲಿ ಕಲ್ಲು ಸಿಕ್ಕಮೇಲೆ ಪೂರ್ತಿ. ಪ್ರತಿ ಮನೆಗೂ ನೀರಿನಂಚಿನಲ್ಲಿ ಒಂದು ಒಗೆಯುವ ಕಲ್ಲು. ಒಬ್ಬರ ಕಲ್ಲಿನ ಮೇಲೆ ಇನ್ನೊಬ್ಬರು ಕೇಳದೆ ಬಟ್ಟೆ ಇಡುವಂತಿಲ್ಲ. ಯಾರಾದರೂ ಮನೆ ಬಿಟ್ಟು ಹೋದರೆ ಅಕ್ಕಪಕ್ಕದ ಕಲ್ಲಿನವರು ಸೇರಿ ಅವರ ಕಲ್ಲನ್ನು ಬೋರಲು ಹಾಕುತ್ತಿದ್ದರು. ಆ ಮನೆಗೆ ಹೊಸಬರು ಬಂದಾಗ ಮತ್ತೆ ಅದೇ ಅಕ್ಕಪಕ್ಕದವರು ಅಂಗಾತ ಮಾಡಿ, ಒಂದು ಕೊಡ ನೀರು ಹೊಯ್ದು, ಬಂದವರ ಒಂದು ಬಟ್ಟೆಯನ್ನು ತಾವೇ ಒಗೆದು ಕೊಡುತ್ತಿದ್ದರು. ಆಮೇಲೆ ಕಲ್ಲು ಅವರದು. ಹಾಗಾಗಿ ಯಾರೂ ಇಲ್ಲಿ “ಮನೆ ಖಾಲಿ ಮಾಡಿದರು” ಎನ್ನುವುದಿಲ್ಲ, “ಕಲ್ಲು ಬೋರಲಾಯ್ತು” ಎನ್ನುತ್ತಾರೆ. ಸತ್ತವರ ಬಗ್ಗೆ ಮಾತ್ರ ಹಾಗೆ ಹೇಳುವುದಿಲ್ಲ. ಮನೆಯಲ್ಲಿ ಒಬ್ಬರು ಉಳಿದಿದ್ದರೂ ಕಲ್ಲು ಅಂಗಾತವೇ.

ಶಿರಾಳಕೊಪ್ಪದಿಂದ ಮದುವೆಯಾಗಿ ಬಂದ ಅಫ್ಸರ್ ಬೇಗಂಗೆ ಇದೆಲ್ಲ ಯಾರು ಹೇಳಬೇಕು? ಗಂಡ ಮುಕ್ತಾರ್ ಅಹಮದ್ ಬಸ್‌ಸ್ಟ್ಯಾಂಡಿನ ಹತ್ತಿರ ಹತ್ತಿ ಹಾಸಿಗೆ ಹೊಲಿಯುವವನು, ಹೊಳೆಗಿಳಿದು ಗೊತ್ತೇ ಇಲ್ಲದವನು. ಬಂದ ವಾರವೇ ಅವಳು ಬಟ್ಟೆಯ ಗಂಟು ಹೊತ್ತು ಇಳಿದು, ಕಣ್ಣಿಗೆ ಬಿದ್ದ ಒಳ್ಳೆಯ ಕಲ್ಲಿನ ಮೇಲೆ, ತವರಿನಲ್ಲಿ ತಾನೇ ಕಸೂತಿ ಹಾಕಿದ್ದ ದಿಂಬಿನ ಚೀಲವನ್ನು ಎತ್ತಿ ಬಡಿದಳು. ಚರ್ ಎಂದಿತು. ಕಲ್ಲಿನ ಬಲಗಡೆ ಅಂಚಿನಲ್ಲಿ ಚಕ್ಕೆ ಹಾರಿ ಹಲ್ಲಿನಂತೆ ಒಂದು ಮೊನೆ ನಿಂತಿತ್ತು. ದಿಂಬಿನ ಚೀಲದ ಗುಲಾಬಿ ಎರಡು ಪಾಲಾಯಿತು. ಅವಳು ಅದನ್ನು ಹಿಡಿದುಕೊಂಡು ಅಳುತ್ತಾ ನಿಂತಿದ್ದಾಗ ಮೇಲಿನಿಂದ ಒಂದು ದನಿ ಬಂತು.

“ಅಳು, ಚೆನ್ನಾಗಿ ಅಳು. ಹೇಳ್ದೇ ಕೇಳ್ದೇ ನನ್ನ ಕಲ್ಲಿಗೆ ಬಂದ್ರೆ ಅದು ಕಚ್ತದೆ.”

ಚೌಡಕ್ಕ ಕೆಳಗಿಳಿದು ಬಂದು, ಬೈದು, ಬೈಯುತ್ತಲೇ ಚೀಲವನ್ನು ಇಸಿದುಕೊಂಡು ಎಡಗಡೆಯಿಂದ ಹೇಗೆ ಬಡಿಯಬೇಕೆಂದು ತೋರಿಸಿದಳು. ಮಾರನೇ ದಿನ ಪಕ್ಕದಲ್ಲಿ ಬೋರಲು ಬಿದ್ದಿದ್ದ ಕಲ್ಲನ್ನು ಅಂಗಾತ ಮಾಡಿಸಿ, ಅದೇ ಹರಿದ ಚೀಲವನ್ನು ಅದರ ಮೇಲೆ ಮೊದಲ ಬಟ್ಟೆಯಾಗಿ ಒಗೆದು ಕೊಟ್ಟಳು. ಅಲ್ಲಿಂದ ಇಬ್ಬರೂ ಪಕ್ಕಪಕ್ಕದ ಕಲ್ಲಿನವರು. ಮಕ್ಕಳ ಬಾಣಂತನ, ಮಕ್ಕಳ ಮದುವೆ, ಹೊಳೆ ಉಕ್ಕಿ ಮನೆಯೊಳಗೆ ನೀರು ಬಂದಾಗ ಮುಕ್ತಾರನ ಹತ್ತಿಯ ಮೂಟೆಗಳನ್ನು ಚೌಡಕ್ಕನ ಅಟ್ಟಕ್ಕೆ ಹೊತ್ತಿದ್ದು, ಹೆಚ್ಚಿನದೆಲ್ಲ ಆ ಎರಡು ಕಲ್ಲುಗಳ ಮೇಲೆಯೇ ಮಾತಾಗಿ, ಜಗಳವಾಗಿ, ತೀರ್ಮಾನವಾಗಿದೆ. ನಲ್ಲಿ ಬಂತು, ವಾಷಿಂಗ್ ಮಷೀನ್ ಬಂತು, ಹೊಳೆಗೆ ಅಂತರಗಂಗೆ ಕಳೆ ತುಂಬಿಕೊಂಡಿತು. ಬಟ್ಟೆ ಒಗೆಯುವುದು ನಿಂತಿತು. ಸಂಜೆ ಹೋಗಿ ಕಲ್ಲಿನ ಮೇಲೆ ಕೂರುವುದು ನಿಲ್ಲಲಿಲ್ಲ.

ಮಳೆಗಾಲಕ್ಕೆ ಮುಂಚೆ ಚೌಡಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ಶಿಕಾರಿಪುರದಲ್ಲಿರುವ ಮಗಳು ಶಶಿರೇಖಾ ತನ್ನ ಮನೆಗೆ ಕರೆದುಕೊಂಡು ಹೋದಳು. ಆಂಬುಲೆನ್ಸ್ ಹತ್ತುವ ಮೊದಲು, ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ, ಚೌಡಕ್ಕ ಬೀಗದ ಕೈಯನ್ನು ಅಫ್ಸರ್ ಬೇಗಂ ಕೈಗೆ ಹಾಕಿ ಹೇಳಿದ್ದು ಒಂದೇ ಮಾತು.

“ನನ್ನ ಕಲ್ಲು ಬೋರಲು ಹಾಕ್ಬೇಡ. ಯಾರು ಹೇಳಿದ್ರೂ.”

“ಯಾರೇ ಹಾಕೋಕೆ ಬರೋದು? ಮೊದ್ಲು ನನ್ನ ಬೋರಲು ಹಾಕ್ಬೇಕು” ಎಂದಿದ್ದಳು ಇವಳು.

ನಿನ್ನೆ ಚೌಡಕ್ಕನ ಮೊಮ್ಮಗಳು ಶರಣ್ಯಾ ಬಂದಿದ್ದಳು. ಶಿಕಾರಿಪುರದ ಕಾಲೇಜಿನವಳು, ಯಾವುದೋ ಗೆಳತಿಯ ಮನೆಯ ಕಾರ್ಯಕ್ಕೆ ಸೊರಬಕ್ಕೆ ಬಂದವಳು, ಹೊಸ ದಾರಿ ನೋಡಿ ಕುಣಿದಾಡಿ, ಅಜ್ಜಿಯ ಮನೆಯ ಹಸಿರು ಬಾಗಿಲು ಹಿಂದೆ ಕಾಣುವ ಹಾಗೆ ಎದುರಿನ ಕಲ್ಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಫೋಟೋ ತೆಗೆಸಿಕೊಂಡು, ಹೋಗಿ ಅಜ್ಜಿಗೆ ತೋರಿಸಿದಳು. ಇವತ್ತು ಬೆಳಿಗ್ಗೆ ಅವಳೇ ಫೋನ್ ಮಾಡಿದ್ದಳು.

“ಅಪ್ಸರಜ್ಜಿ, ನಮ್ಮಜ್ಜಿ ನಿನ್ನೆಯಿಂದ ವಾಕರ್ ಮುಟ್ತಾನೇ ಇಲ್ಲ ರೀ. ದಿನಾ ಹಾಲ್‌ನಲ್ಲಿ ಒಂದು ರೌಂಡ್ ಹಾಕೋರು. ಎದ್ದೇಳಿ ಅಂದ್ರೆ, ಎದ್ದು ಎಲ್ಲಿಗೆ ಹೋಗ್ಲಿ ಅಂತಾರೆ. ಏನಾಯ್ತು ಅಂದ್ರೆ ಅಪ್ಸರನ್ನ ಕೇಳು ಅಂತಾರೆ. ಹೀಗೇ ಮಲಗಿದ್ರೆ ಮತ್ತೆ ನಡೆಯೋದು ಕಷ್ಟ ಅಂತ ಡಾಕ್ಟ್ರು ಹೇಳಿದಾರೆ. ನೀವೇನಾದ್ರೂ ಅಂದ್ರಾ?”

“ಫೋನ್ ಕೊಡು ಅವಳಿಗೆ.”

ಅತ್ತ ಕಡೆ ಏನೋ ಗುಸುಗುಸು. ಆಮೇಲೆ ಶರಣ್ಯಾಳ ದನಿ, ಸಣ್ಣಗೆ: “ಬೇಡ ಅಂತೆ.”

ಅಫ್ಸರ್ ಬೇಗಂ ಬಾಗಿಲು ದಾಟಿ ಹೊರಗೆ ಬಂದು, ಚೌಡಕ್ಕನ ಮನೆಯ ಎದುರಿಗಿದ್ದ ಕಲ್ಲನ್ನು ನೋಡಿದಳು. ವಾರದಿಂದ ಅವಳಿಗೆ ಜ್ವರ, ಮೊಣಕಾಲು ನೋವು, ಹೊಳೆಯ ಕಡೆ ತಲೆ ಹಾಕಿರಲಿಲ್ಲ. ಈಗ ನೋಡಿದರೆ ಕಲ್ಲು ಬೋರಲು. ಚೌಡಕ್ಕ ಫೋಟೋದಲ್ಲಿ ಮೊಮ್ಮಗಳನ್ನು ನೋಡಿಲ್ಲ, ಮೊಮ್ಮಗಳ ಕೆಳಗಿನ ಕಲ್ಲನ್ನು ನೋಡಿದ್ದಾಳೆ. ಮಗಳು ತನ್ನನ್ನು ಕೇಳದೆ ಮನೆ ಬಿಡಿಸಿಬಿಟ್ಟಿದ್ದಾಳೆ, ಅಪ್ಸರ ನಿಂತು ಕಲ್ಲು ಮಗುಚಿಸಿದ್ದಾಳೆ ಎಂದುಕೊಂಡಿದ್ದಾಳೆ.

ಇಷ್ಟನ್ನೂ ಅಫ್ಸರ್ ಬೇಗಂ ಮಧುಸೂದನನಿಗೆ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ.

“ಅಂದ್ರೆ, ನಾನು ಇಡೀ ಕೇರೀನೇ ಖಾಲಿ ಮಾಡ್ಸಿದೀನಾ?”

“ಹೂಂ. ನಾವೆಲ್ಲ ದೆವ್ವಗಳು ಈಗ” ಎಂದ ಹಿಂದಿನಿಂದ ಕೆಂಪಪ್ಪ. ಕೆಂಪಪ್ಪ ನಿವೃತ್ತ ಬಸ್ ಕಂಡಕ್ಟರ್, ಸಾಲಿನ ಕೊನೆಯ ಮನೆಯವನು, ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲಿ ಐದನೆಯವನು. “ನಾನೂ ಮೊನ್ನೆ ನೋಡ್ದೆ ಮಾರಾಯ್ರೆ. ಹೇಳಿದ್ರೆ ಮುದುಕನಿಗೆ ಅರಳುಮರಳು ಅಂತೀರಿ ಅಂತ ಸುಮ್ಮನಾದೆ.”

“ನೀನು ಸುಮ್ಮನಾಗಿದ್ದು ಇದೇ ಮೊದ್ಲು ನೋಡು, ಅದೂ ಬೇಡದ ಹೊತ್ತಲ್ಲಿ” ಎಂದಳು ಅಫ್ಸರ್ ಬೇಗಂ.

ಮಧುಸೂದನ ಗಡಿಯಾರ ನೋಡಿದ, ಇಟ್ಟಿಗೆ ನೋಡಿದ. ಎಂಜಿನಿಯರರಿಗೆ ಏನು ಹೇಳುವುದು ಎಂಬುದೊಂದೇ ಅವನ ಚಿಂತೆ. ಕೊನೆಗೆ ಒಂದು ಕರಾರು ಹಾಕಿದ: ಈ ಅಜ್ಜಿಯದೊಂದು ಕಲ್ಲು ತಿರುಗಿಸಬಹುದು, ಆದರೆ ತಗ್ಗಿನಲ್ಲಿ ನೀರು ನಿಂತರೆ ಕೇರಿಯವರೇ ಒರೆಸಬೇಕು.

“ಒರೆಸ್ತೀವಿ ಬಿಡು. ಇಡೀ ಜನ್ಮ ಆ ಕಲ್ಲಿನ ಮೇಲೆ ನೀರು ಹೊಯ್ದೋರಿಗೆ ಒರೆಸೋಕೆ ಬರಲ್ವಾ?”

ಹಾರೆ ಬಂತು, ಕೆಲಸದವರಿಬ್ಬರು ಬಂದರು. ಹಸಿರು ಬಾಗಿಲಿನ ಎದುರಿಗಿದ್ದ ಕಲ್ಲನ್ನು ಮೀಟಿ ಎತ್ತಿ ಪಕ್ಕಕ್ಕೆ ವಾಲಿಸಿದ್ದೇ ತಡ, ಕೆಂಪಪ್ಪ ಕೂಗಿದ.

“ಏ, ತಡೀರಿ! ಇದು ನಂದು!”

ಕಲ್ಲಿನ ಮೈಯಲ್ಲಿ ಅವನು ಎಳೆ ವಯಸ್ಸಿನಲ್ಲಿ ಮೊಳೆ ಹಿಡಿದು ಕೊರೆದಿದ್ದ ಕೆ ಅಕ್ಷರ, ಅದರ ಕೆಳಗೆ ಒಂದು ಬಸ್ಸಿನ ಚಿತ್ರ. ಬಸ್ಸು ಹೆಚ್ಚುಕಡಿಮೆ ಎಮ್ಮೆಯಂತಿತ್ತು. ಹೊಳೆಯಿಂದ ಎತ್ತಿದವರು ಕೈಗೆ ಸಿಕ್ಕ ಕಲ್ಲನ್ನು ಸಿಕ್ಕಲ್ಲಿ ಇಟ್ಟಿದ್ದರು. ಚೌಡಕ್ಕ ಶಿಕಾರಿಪುರದಲ್ಲಿ ವಾಕರ್ ಬಿಟ್ಟು ಮಲಗುವಷ್ಟು ದುಃಖಪಡುತ್ತಿರುವುದು ಕೆಂಪಪ್ಪನ ಕಲ್ಲಿಗಾಗಿ!

“ಬೋರಲು ಹಾಕಿದ್ಮೇಲೆ ಎಲ್ಲಾ ಒಂದೇ ಥರ” ಎಂದ ಮಧುಸೂದನ ಸಂಕಟದಿಂದ. “ಈಗ ಅವ್ರದ್ದು ಎಲ್ಲಿ ಅಂತ ಹುಡುಕೋದು?”

ಅಫ್ಸರ್ ಬೇಗಂ ಮೊಣಕಾಲು ಹಿಡಿದುಕೊಂಡು ಮುಂದಿನ ಕಲ್ಲಿನ ಹತ್ತಿರ ಬಗ್ಗಿ, ಅಂಚಿನ ಕೆಳಗೆ ಬೆರಳು ತೂರಿಸಿ ಸವರಿದಳು. ಇಲ್ಲ. ಅದರ ಮುಂದಿನದು. ಇಲ್ಲ. ಕೆಂಪಪ್ಪ ಹಿಂದೆಯೇ ಬಂದು ಇದು ಪೋಸ್ಟ್‌ಮಾಸ್ಟರದ್ದು, ಇದು ತಿಮ್ಮಮ್ಮನದ್ದು ಎಂದು ಊಹೆಯ ಟಿಕೆಟ್ ಹರಿಯುತ್ತಿದ್ದ, ಒಂದೂ ಸರಿಯಾಗಲಿಲ್ಲ. ಹಳೇ ಹುಣಸೆಮರದ ಬುಡದ ಕಲ್ಲಿನ ಕೆಳಗೆ ಕೈ ಹಾಕಿದವಳು ಥಟ್ಟನೆ ಎಳೆದುಕೊಂಡು, ಬೆರಳನ್ನು ಬಾಯಿಗಿಟ್ಟುಕೊಂಡಳು.

“ಸಿಕ್ತು. ಇನ್ನೂ ಕಚ್ತದೆ ಪಿಶಾಚಿ.”

ಆ ಕಲ್ಲನ್ನು ತಂದು ಹಸಿರು ಬಾಗಿಲಿನ ಎದುರಿಗೆ ಅಂಗಾತ ಕೂರಿಸುವ ಹೊತ್ತಿಗೆ ಕೇರಿಯವರು ಒಬ್ಬೊಬ್ಬರೇ ಹೊರಗೆ ಬಂದಿದ್ದರು. ಆಮೇಲೆ ಮಧುಸೂದನನ ಒಂದೇ ಕಲ್ಲಿನ ಕರಾರು ಉಳಿಯಲಿಲ್ಲ. ಕೆಂಪಪ್ಪ ಎದೆ ಸೆಟೆದು ನಿಂತ: “ನಾನು ಬದುಕಿದೀನಿ ಸಾರ್, ನಂದೂ ತಿರುಗ್ಸಿ.” ತಿಮ್ಮಮ್ಮನ ಸೊಸೆ ಬಂದಳು, ಮತ್ತಿಬ್ಬರು ಬಂದರು, ಅಫ್ಸರ್ ಬೇಗಂ ತನ್ನದನ್ನೂ ತೋರಿಸಿದಳು. ಮೇಲೆ ಮೇಲೆ ಬೈಯುತ್ತಾ, ಒಳಗೆ ಸ್ವಲ್ಪ ನಗುತ್ತಾ, ಮಧುಸೂದನ ಸಂಜೆಯವರೆಗೂ ಹಾರೆ ಹಾಕಿಸಿದ. ಕತ್ತಲಾಗುವಷ್ಟರಲ್ಲಿ ಸಾಲಿನಲ್ಲಿ ಕೆಲವು ಕಲ್ಲು ಅಂಗಾತ, ಕೆಲವು ಬೋರಲು. ಪೋಸ್ಟ್‌ಮಾಸ್ಟರರ ಮನೆಯವರು ಸಾಗರಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು, ಅವರದು ಬೋರಲಾಗಿಯೇ ಇತ್ತು. ಯಾರು ಇದ್ದಾರೆ, ಯಾರು ಹೋದರು ಎಂಬುದು ದಾರಿಯುದ್ದಕ್ಕೂ ತಾನಾಗಿ ಕಾಣುತ್ತಿತ್ತು.

ಮಾರನೇ ಬೆಳಿಗ್ಗೆ ವಾಕಿಂಗ್ ಬಂದವರು ಒಂದು ವಿಚಿತ್ರ ನೋಡಿದರು. ಹೊಚ್ಚ ಹೊಸ ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬಳು ಸೀರೆ ಬಡಿಯುತ್ತಿದ್ದಳು. ಪಕ್ಕದಲ್ಲಿ ಬಕೆಟ್ಟು, ಸೋಪಿನ ತುಂಡು.

“ಏನಮ್ಮಾ, ಮಷೀನ್ ಕೆಟ್ಟಿದ್ಯಾ?”

“ಮಷೀನ್ ಚೆನ್ನಾಗಿದೆ. ಪಕ್ಕದ ಮನೆಯೋಳ ತಲೆ ಕೆಟ್ಟಿದೆ.”

ಕಲ್ಲು ಅಂಗಾತವಾದ ಮೇಲೆ ಮೊದಲ ಬಟ್ಟೆ ಪಕ್ಕದ ಕಲ್ಲಿನವರು ಒಗೆಯಬೇಕು. ಅದಕ್ಕೇ ಅಫ್ಸರ್ ಬೇಗಂ ಬೀಗ ತೆಗೆದು, ಚೌಡಕ್ಕನ ಟ್ರಂಕಿನಿಂದ ಬದನೆಕಾಯಿ ಬಣ್ಣದ ಹತ್ತಿ ಸೀರೆಯನ್ನೇ ಆರಿಸಿ ತಂದಿದ್ದಳು. ಅದು ಚೌಡಕ್ಕ ಜೀವದ ಹಾಗೆ ಜೋಪಾನ ಮಾಡಿದ ಸೀರೆ. ಎಷ್ಟೋ ವರ್ಷದ ಮೇಲೆ ಕೈ ಎತ್ತಿ ಬಡಿಯುವ ಸುಖಕ್ಕೆ ಮೈಮರೆತಳೋ ಏನೋ, ಎಡಗಡೆಯಿಂದ ಎನ್ನುವುದು ಕೊನೆಯ ಏಟಿನಲ್ಲಿ ಮರೆತುಹೋಯಿತು. ಚರ್ ಎಂದಿತು. ಸೆರಗಿನ ತುದಿಯಲ್ಲಿ ಬೆರಳುದ್ದ ಹರಿದು ಬಾಯಿ ಬಿಟ್ಟುಕೊಂಡಿತು.

ಮನೆಗೆ ಬಂದು ಒದ್ದೆ ಸೀರೆಯನ್ನು ಗಂಡನ ಮುಂದೆ ಹಿಡಿದಳು. ಮುಕ್ತಾರ್ ಅಹಮದ್ ಕನ್ನಡಕ ಏರಿಸಿ ನೋಡಿದ.

“ಹೊಲಿದು ಕೊಡ್ಲಾ?”

“ಯಾವುದ್ರಲ್ಲಿ? ಹಾಸಿಗೆ ಹೊಲಿಯೋ ದಬ್ಬಣದಲ್ಲಾ?”

“ಹಂಗಾದ್ರೆ ಬೇರೆ ಸೀರೆ ಒಗಿ.”

“ಮೊದ್ಲನೇ ಬಟ್ಟೆ ಇದೇ ಆಗೋಯ್ತಲ್ರೀ. ಕಲ್ಲಿಗೆ ಸುಳ್ಳು ಹೇಳೋಕಾಗ್ತದಾ? ಈಗ್ಲೇ ಕೋಪ, ಇದನ್ನ ನೋಡಿದ್ರೆ ನನ್ನ ಮುಖ ನೋಡಲ್ಲ ಅವಳು.” ಹಾಗೆಂದಳು, ಆದರೂ ಸೀರೆ ಒಣಗಿದೊಡನೆ ಹರಿದ ತುದಿ ಒಳಗೆ ಹೋಗುವ ಹಾಗೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಸೊರಬದಿಂದ ಶಿರಾಳಕೊಪ್ಪ, ಅಲ್ಲಿ ಬಸ್ ಬದಲಿಸಿ ಶಿಕಾರಿಪುರ. ತವರೂರಿನಲ್ಲಿ ಇಳಿದೂ ತಮ್ಮನ ಅಂಗಡಿಗೆ ಮುಖ ತೋರಿಸದೆ ಮುಂದಿನ ಬಸ್ ಹತ್ತಿದ್ದು ಇದೇ ಮೊದಲು. ಕಿಟಕಿಯ ಪಕ್ಕ ಕೂತು ಇಡೀ ದಾರಿ ಚೌಡಕ್ಕನಿಗೆ ಹೇಳಬೇಕಾದ ಮಾತು ಜೋಡಿಸಿದಳು. ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಶಶಿರೇಖಾ ಬಾಗಿಲು ತೆಗೆದು, ಕಣ್ಣಿನಲ್ಲೇ ಒಳಕೋಣೆ ತೋರಿಸಿದಳು. ಚೌಡಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ವಾಕರ್ ಮೂಲೆಯಲ್ಲಿತ್ತು, ಅದರ ಮೇಲೆ ಯಾರದೋ ಟವೆಲ್ ಒಣಗುತ್ತಿತ್ತು.

“ಚೌಡಕ್ಕಾ, ನಾನು ಬಂದಿದೀನಿ.”

ಚೌಡಕ್ಕ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡಳು.

“ನಿನ್ನ ಕಲ್ಲು ಬೋರಲು ಹಾಕಿದ್ದು ನಾನಲ್ಲ, ಶಶಿನೂ ಅಲ್ಲ. ಬೆಂಚು ಮಾಡೋರು ಗೊತ್ತಿಲ್ದೆ ಹಾಕಿದ್ದು. ಎಲ್ಲಾರದ್ದೂ ಹಾಕಿದ್ರು. ಅದೂ ಅಲ್ದೆ, ನೀನು ನೋಡಿದ್ದು ಕೆಂಪಪ್ಪನ ಕಲ್ಲು. ಈಗ ನಿಂದು ತಿರುಗ್ಸಿ ನಿನ್ನ ಮನೆ ಮುಂದೇನೇ ಇಟ್ಟಿದೀವಿ.”

“ಕಥೆ ಕಟ್ಟು” ಎಂದಿತು ಗೋಡೆ.

“ಕಥೆ ಅಲ್ಲ ಅಜ್ಜಿ, ನೋಡಿಲ್ಲಿ ಕೆಂಪಪ್ಪಜ್ಜ ಕಲ್ಲಿನ ಫೋಟೋ ಕಳ್ಸಿದಾರೆ!” ಶರಣ್ಯಾ ಫೋನ್ ಹಿಡಿದು ಓಡಿ ಬಂದಳು.

“ಹೋಗೇ. ಆ ಫೋನಲ್ಲಿ ನೀನು ನಾಯಿ ಕಿವಿ ಇಟ್ಕೊಂಡು ನಾಲಿಗೆ ಚಾಚ್ತಾ ಇರ್ತೀಯ. ಅದನ್ನ ನಂಬ್ಲಾ ನಾನು? ನೀವೆಲ್ಲ ಸೇರಿ ಮನೆ ಬಿಡ್ಸಿದೀರಿ. ಮುದುಕಿಗೆ ಹೇಳಿದ್ರೆ ಅಳ್ತಾಳೆ ಅಂತ ಹೇಳಿಲ್ಲ.”

ಅಫ್ಸರ್ ಬೇಗಂ ಹತ್ತಿರ ಉಳಿದದ್ದು ಸೀರೆಯೊಂದೇ. ತೆಗೆದು ಮಂಚದ ಮೇಲಿಟ್ಟಳು. “ನಿನ್ನೆ ಅಂಗಾತ ಮಾಡಿದ್ವಿ. ಇವತ್ತು ಮೊದ್ಲನೇ ಬಟ್ಟೆ ನಾನೇ ಒಗ್ದು ತಂದಿದೀನಿ. ತಗೋ.”

ಚೌಡಕ್ಕ ತಿರುಗಲಿಲ್ಲ, ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದಳು. ಬಟ್ಟೆ ಸವರಿದಳು, ಮಡಿಕೆ ಬಿಚ್ಚಿದಳು, ಸೆರಗನ್ನು ಬೆರಳಿನ ನಡುವೆ ಎಳೆದುಕೊಂಡೇ ಹೋದಳು. ಬೆರಳು ಒಂದು ಕಡೆ ನಿಂತಿತು. ಹರಿದಲ್ಲಿ ಒಳಗೆ ಹೋಗಿ ಹೊರಗೆ ಬಂತು. ಅಫ್ಸರ್ ಬೇಗಂ ಕಣ್ಣು ಮುಚ್ಚಿಕೊಂಡಳು.

“ಅಯ್ಯೋ ನಿನ್ನ ಕೈ ಸೇದ್ಹೋಗ! ಬಲಗಡೆಯಿಂದ ಬಡ್ದ್ಯೇನೇ?”

ಸೊಂಟ ಮುರಿದವಳು ಮಂಚದ ಮೇಲೆ ಎದ್ದು ಕೂತಿದ್ದಳು! ಹರಿದ ಸೆರಗು ಹಿಡಿದು ಒಮ್ಮೆ ಅದನ್ನೂ ಒಮ್ಮೆ ಅಪ್ಸರಳನ್ನೂ ನೋಡುತ್ತಿದ್ದಳು.

“ಮದುವೆ ಆಗಿ ಬಂದಾಗ್ಲೂ ಹೇಳಿದ್ದೆ, ಎಡಗಡೆಯಿಂದ ಅಂತ. ಮೊಮ್ಮಕ್ಕಳನ್ನ ಕಂಡ್ರೂ ಕಲೀಲಿಲ್ಲ ನೀನು. ಆ ಮೊನೆ ಇರೋದು ಇಡೀ ಹೊಳೇಲಿ ನನ್ನ ಕಲ್ಲಿಗೆ ಮಾತ್ರ. ನನ್ನ ಕಲ್ಲೇ ಹರ್ದಿದ್ದು ಇದು. ಬೋರಲು ಇದ್ದಿದ್ರೆ ಹರೀತಿತ್ತಾ?”

“ಹರೀತಿರ್ಲಿಲ್ಲ” ಎಂದಳು ಅಫ್ಸರ್ ಬೇಗಂ, ಇದು ತನಗೆ ಹೊಳೆದೇ ಇರಲಿಲ್ಲ ಎನ್ನುವುದನ್ನು ತೋರಗೊಡದೆ.

“ಬೇಕಂತ ಹರ್ದ್ಯಾ?”

“ಇಲ್ಲ ಮಾರಾಯ್ತಿ. ಗೊತ್ತಿಲ್ದೇ.”

“ಅದೂ ಸರಿಯೇ. ಅಷ್ಟು ಬುದ್ಧಿ ನಿನಗೆಲ್ಲಿ.” ಚೌಡಕ್ಕ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಹರಿದ ತುದಿಯನ್ನು ಒಳಗೆ ಮಡಚಿದಳು. ಆಮೇಲೆ ಮೂಗೊರೆಸಿಕೊಂಡು ಮೊಮ್ಮಗಳಿಗೆ ಹೇಳಿದಳು: “ಏನ್ ನೋಡ್ತೀಯ? ಆ ಟವೆಲ್ ತೆಗ್ದು ವಾಕರ್ ಇತ್ತ ತಾ.”

ಹಾಲಿನ ತುದಿಯವರೆಗೆ ಒಂದು ಸುತ್ತು ಆಯಿತು. ಪಕ್ಕದಲ್ಲಿ ಮೊಣಕಾಲು ಹಿಡಿದುಕೊಂಡು ಅಫ್ಸರ್ ಬೇಗಂ. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದು ಹೇಳುವುದು ಕಷ್ಟವಿತ್ತು. ಹೆಲ್ಮೆಟ್ ಹುಡುಗ ನೀರು ಒರೆಸಲು ಹಾಕಿದ ಕರಾರನ್ನೂ ಕೆಂಪಪ್ಪನ ಬಸ್ಸಿನ ಚಿತ್ರ ಎಮ್ಮೆಯಂತಿದೆ ಎಂಬುದನ್ನೂ ಕೇಳಿ ಚೌಡಕ್ಕ ನಡುವೆ ನಿಂತು ನಕ್ಕಳು. ಇನ್ನೊಂದು ಸುತ್ತಿಗೆ ಶಶಿರೇಖಾ ಬೇಡ ಎಂದರೂ ಕೇಳಲಿಲ್ಲ.

ಚಾ ಕುಡಿದು, ಕೊನೆಯ ಬಸ್ಸಿನ ಮಾತು ಬಂದು, ಅಫ್ಸರ್ ಬೇಗಂ ಚಪ್ಪಲಿ ಮೆಟ್ಟುವಾಗ ಚೌಡಕ್ಕ ವಾಕರ್ ಹಿಡಿದು ಬಾಗಿಲವರೆಗೂ ಬಂದಿದ್ದಳು.

“ಮುಂದಿನ ವಾರ ಮತ್ತೆ ಬರ್ತೀಯಲ್ಲ?”

“ಬರ್ತೀನಿ. ಭಾನುವಾರದ ಸಂತೆ ಮುಗ್ಸಿ ಸೋಮವಾರ ಬರ್ತೀನಿ. ಏನ್ ತರ್ಲಿ?”

“ಟ್ರಂಕಲ್ಲಿ ಹಳದಿ ಸೀರೆ ಇದೆ, ಅದನ್ನ ತಾ. ಒಗೀಬೇಡ, ಹಂಗೇ ತಾ. ಹಂಗೇ ಮಳೆ ಬಂದ್ರೆ ಕಲ್ಲಿನ ಮೇಲಿನ ನೀರು ಒರೆಸಲ್ಲ ಅಂತ ಆ ಹೆಲ್ಮೆಟ್ ಹುಡುಗನಿಗೆ ಹೇಳು. ನೀರು ನಿಂತ್ರೇನೇ ಕಲ್ಲು ಅಂಗಾತ. ಎಷ್ಟು ನಿಲ್ತದೆ ನೋಡ್ಕೊಂಡು ಸೋಮವಾರ ಬಂದು ನನಗೆ ಹೇಳ್ಬೇಕು ನೀನು.”